ಒಂದೇ ಗಾಜಿನ ಮನೆಯಲ್ಲಿ ಯಾರ ಜೊತೆ ಯಾರು?

ಬಣ್ಣದ ಮೀನಿನ ಅಂಗಡಿಗೆ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಗೊತ್ತು, ಅಲ್ಲಿಂದ ಬರಿಗೈಯಲ್ಲಿ ಮರಳುವುದು ಎಷ್ಟು ಕಷ್ಟ ಎಂದು. ಮಗನಿಗೆ ಕೆಂಪು ಮೀನು ಬೇಕು. ಮಗಳಿಗೆ ಪಟ್ಟೆ ಮೀನು ಬೇಕು. ನಿಮಗೂ ಯಾವುದೋ ಒಂದರ ಉದ್ದನೆಯ ಬಾಲದ ಮೇಲೆ ಕಣ್ಣು ಬಿದ್ದಿರುತ್ತದೆ. "ಎಲ್ಲವನ್ನೂ ಒಟ್ಟಿಗೆ ಹಾಕಬಹುದಲ್ಲವೇ?" ಎಂದು ಕೇಳುತ್ತೀರಿ. "ಹಾಕಬಹುದು, ಏನೂ ಆಗುವುದಿಲ್ಲ" ಎಂಬ ಉತ್ತರ ಬರುತ್ತದೆ. ಚೀಲಗಳಲ್ಲಿ ಗಾಳಿ ತುಂಬಿ, ರಬ್ಬರ್ ಬ್ಯಾಂಡ್ ಸುತ್ತಿ ಕೊಡುತ್ತಾರೆ. ಅಲ್ಲಿಗೆ ವ್ಯಾಪಾರ ಮುಗಿಯಿತು.

ನಮ್ಮ ಮನೆಯಲ್ಲಿ ಆದದ್ದೂ ಅದೇ. ಎರಡು ಅಡಿ ಉದ್ದದ ತೊಟ್ಟಿ ಬಂತು. ಎರಡು ಗೋಲ್ಡ್ ಫಿಶ್, ಎರಡು ಟೈಗರ್ ಬಾರ್ಬ್, ಒಂದು ಏಂಜೆಲ್, ನಾಲ್ಕು ಗಪ್ಪಿ, ಒಂದು ಫೈಟರ್. ಹತ್ತು ಮೀನು, ಐದು ಜಾತಿ. ಮೊದಲ ದಿನ ಮಕ್ಕಳು ಟಿ.ವಿ. ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ಫೈಟರ್‌ನ ಬಾಲ ಹರಿದ ಬಟ್ಟೆಯಂತಾಗಿತ್ತು. ಏಂಜೆಲ್‌ನ ಎದೆಯ ಕೆಳಗೆ ಇಳಿಬಿದ್ದಿರುವ ಎರಡು ಉದ್ದನೆಯ ಎಳೆಗಳಲ್ಲಿ ಒಂದು ಮಾಯವಾಗಿತ್ತು. ಐದನೆಯ ದಿನ ನೀರು ಮಬ್ಬಾಯಿತು. ನಾನು ಗೃಹಿಣಿಯ ಬುದ್ಧಿಯಿಂದ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ, ಕಲ್ಲುಗಳನ್ನೂ ಫಿಲ್ಟರನ್ನೂ ಸಾಬೂನು ಪುಡಿ ಹಾಕಿ ಉಜ್ಜಿ, ನಲ್ಲಿ ನೀರು ತುಂಬಿಸಿದೆ. ಮರುದಿನ ಗೋಲ್ಡ್ ಫಿಶ್‌ಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಹತ್ತನೆಯ ದಿನಕ್ಕೆ ಉಳಿದದ್ದು ಒಂದು ಟೈಗರ್ ಬಾರ್ಬ್ ಮಾತ್ರ.

"ಇದೇ ಎಲ್ಲವನ್ನೂ ಕೊಂದದ್ದಾ ಉಮ್ಮಾ?" ಎಂದು ಮಗಳು ಆ ಪಟ್ಟೆ ಮೀನನ್ನು ತೋರಿಸಿ ಕೇಳಿದಳು. ಅಲ್ಲ. ಅದು ಕಚ್ಚಿದ್ದು ನಿಜ. ಆದರೆ ಹೆಚ್ಚಿನ ಸಾವಿಗೆ ನಾನೇ ಕಾರಣ ಎಂದು ತಿಳಿಯಲು ನನಗೆ ಮತ್ತಷ್ಟು ತಿಂಗಳು ಬೇಕಾಯಿತು. ಆ ತಿಂಗಳುಗಳಲ್ಲಿ ಓದಿ, ಕೇಳಿ, ನೋಡಿ ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಮೀನಿಗೆ ನೋವಾದರೆ ಅದು ಬೆಕ್ಕಿನಂತೆ ಕೂಗುವುದಿಲ್ಲ, ಕೋಳಿಯಂತೆ ಓಡಿ ಅಡಗುವುದಿಲ್ಲ. ನಮಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಮೊದಲು ನೀರಿನ ಹೊಂದಾಣಿಕೆ

"ಯಾವ ಮೀನು ಯಾವುದನ್ನು ಕಚ್ಚುತ್ತದೆ?" ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಕೇಳಬೇಕಾದ ಮೊದಲ ಪ್ರಶ್ನೆ ಅದಲ್ಲ. ಇವೆರಡಕ್ಕೂ ಒಂದೇ ನೀರು ಒಗ್ಗುತ್ತದೆಯೇ ಎಂದು ಕೇಳಬೇಕು.

ನನ್ನ ತಂಗಿ ಬೆಂಗಳೂರಿನಲ್ಲಿದ್ದಾಳೆ. ಅವಳ ಮನೆಗೆ ಬೋರ್‌ವೆಲ್ ನೀರು. ಅವಳ ತೊಟ್ಟಿಯಲ್ಲಿ ಕಪ್ಪು ಮೋಲಿ ಮೀನುಗಳು ಮರಿ ಮೇಲೆ ಮರಿ ಹಾಕುತ್ತಿದ್ದವು. ಅದನ್ನು ನೋಡಿ ನಾನೂ ಮಂಗಳೂರಿನಲ್ಲಿ ಮೋಲಿ ತಂದು, ನಲ್ಲಿ ನೀರಿನ ಕ್ಲೋರಿನ್‌ಗೆ ಹೆದರಿ ಬಾವಿಯ ಶುದ್ಧ ನೀರಿನಲ್ಲಿ ಬಿಟ್ಟೆ. ಅವು ರೆಕ್ಕೆ ಮುದುಡಿಕೊಂಡು, ಇದ್ದಲ್ಲೇ ಚಳಿ ಹಿಡಿದವರಂತೆ ನಡುಗುತ್ತಿದ್ದವು. ರೋಗವೆಂದು ತಿಳಿದು ಔಷಧ ಹಾಕಿದೆ. ರೋಗ ಇರಲೇ ಇಲ್ಲ. ಕರಾವಳಿಯ ಜಂಬಿಟ್ಟಿಗೆ ಮಣ್ಣಿನ ಬಾವಿ ನೀರು ಬಹಳ ಮೆದು, ತುಸು ಆಮ್ಲೀಯ. ಮೋಲಿ, ಗಪ್ಪಿ, ಪ್ಲಾಟಿ, ಸ್ವೋರ್ಡ್ ಟೇಲ್ ಈ ನಾಲ್ಕೂ ಮರಿ ಹಾಕುವ ಮೀನುಗಳು. ಇವು ಸುಣ್ಣದಂಶ ಇರುವ ಗಡಸು ನೀರಿನಲ್ಲಿ ಚೆನ್ನಾಗಿ ಬಾಳುತ್ತವೆ, ಮೋಲಿಗಂತೂ ಅದು ಬೇಕೇ ಬೇಕು. ಇದಕ್ಕೆ ವಿರುದ್ಧವಾಗಿ, ನೀಲಿ ಕೆಂಪು ಗೆರೆಯ ನಿಯಾನ್ ಟೆಟ್ರಾ ಅಮೆಜಾನ್ ಕಾಡಿನ ಮೆದು ನೀರಿನ ಮೀನು. ನನ್ನ ಬಾವಿ ನೀರು ಅದಕ್ಕೆ ಹಿತ, ತಂಗಿಯ ಬೋರ್‌ವೆಲ್ ನೀರು ಕಷ್ಟ. ಅಂದರೆ ಮೋಲಿ ಮತ್ತು ನಿಯಾನ್ ಜಗಳವಾಡದಿದ್ದರೂ ಒಂದೇ ತೊಟ್ಟಿಗೆ ಸೇರಿದವಲ್ಲ.

ನಿಮ್ಮ ನೀರು ಯಾವ ಬಗೆಯದು ಎಂದು ತಿಳಿಯಲು ಅಂಗಡಿಯಲ್ಲಿ ಪರೀಕ್ಷಾ ಪಟ್ಟಿಗಳು ಸಿಗುತ್ತವೆ. ಆದರೆ ಅಡುಗೆಮನೆಯಲ್ಲೇ ಅರ್ಧ ಉತ್ತರ ಇದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆಯೇ? ಸಾಬೂನು ನೊರೆ ಬರಲು ಸತಾಯಿಸುತ್ತದೆಯೇ? ಬೇಳೆ ಬೇಯಲು ಹೊತ್ತು ಹಿಡಿಯುತ್ತದೆಯೇ? ಹಾಗಿದ್ದರೆ ನಿಮ್ಮದು ಗಡಸು ನೀರು. ಗಪ್ಪಿ, ಮೋಲಿ ತನ್ನಿ. ಮೀನಿಗೆ ತಕ್ಕ ನೀರು ಮಾಡುತ್ತೇನೆಂದು ಪುಡಿ, ದ್ರಾವಣಗಳ ಹಿಂದೆ ಬೀಳುವುದಕ್ಕಿಂತ ನೀರಿಗೆ ತಕ್ಕ ಮೀನು ತರುವುದು ಸುಲಭ, ಅಗ್ಗ ಕೂಡ.

ಬಿಸಿಯ ಲೆಕ್ಕವೂ ಹೀಗೆಯೇ. ಗೋಲ್ಡ್ ಫಿಶ್ ಚೀನಾದಲ್ಲಿ ಸಾವಿರ ವರ್ಷಕ್ಕೂ ಹಿಂದಿನಿಂದ ಕೊಳಗಳಲ್ಲಿ ಸಾಕಿಕೊಂಡು ಬಂದ ತಂಪು ನೀರಿನ ಮೀನು. ಅದಕ್ಕೆ 18ರಿಂದ 22 ಡಿಗ್ರಿ ಸೆಲ್ಸಿಯಸ್ ಹಿತ. ಏಂಜೆಲ್, ಗೌರಾಮಿ, ಫೈಟರ್‌ಗಳಿಗೆ 24ರಿಂದ 28 ಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಆದ್ದರಿಂದ ಏಪ್ರಿಲ್ ಸೆಕೆಯಲ್ಲಿ ಕರಾವಳಿಯ ಮನೆಗಳಲ್ಲಿ ಮೊದಲು ಸೋಲುವುದು ಗೋಲ್ಡ್ ಫಿಶ್. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ ಹೀಟರ್ ಇಲ್ಲದಿದ್ದರೆ ಸೋಲುವುದು ಉಳಿದವು. ಇಬ್ಬರನ್ನೂ ಒಟ್ಟಿಗೆ ಇಟ್ಟರೆ ಯಾರಾದರೊಬ್ಬರು ಸದಾ ಕಷ್ಟದಲ್ಲಿ ಇರುತ್ತಾರೆ.

ಕಾಣದ ವಿಷ

ಈಗ ನಾನು ಸಾಬೂನು ಪುಡಿ ಹಾಕಿ ತೊಳೆದ ಕತೆಗೆ ಬರುತ್ತೇನೆ. ಮೀನಿನ ಕಿವಿರು ಮತ್ತು ಮಲದಿಂದ, ತಿನ್ನದೆ ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಇದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ಅದೂ ವಿಷವೇ. ಮತ್ತೊಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ಅಪಾಯಕಾರಿಯಲ್ಲ. ವಾರ ವಾರ ಸ್ವಲ್ಪ ನೀರು ಬದಲಾಯಿಸಿದರೆ ಹೋಗುತ್ತದೆ. ಈ ಉಪಕಾರಿ ಜೀವಾಣುಗಳು ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲುಗಳ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹೊಸ ತೊಟ್ಟಿಯಲ್ಲಿ ಅವು ಇರುವುದಿಲ್ಲ. ಆಗತಾನೇ ಹುಟ್ಟುತ್ತಿದ್ದ ಅಷ್ಟಿಷ್ಟನ್ನೂ ನಾನು ಉಜ್ಜಿ ತೊಳೆದಿದ್ದೆ, ಮೇಲಿಂದ ಕ್ಲೋರಿನ್ ನೀರು ಬೇರೆ! ನೀರು ಕನ್ನಡಿಯಂತೆ ತಿಳಿಯಾಗಿ ಕಾಣುತ್ತಿತ್ತು. ಮೀನುಗಳು ಅದರಲ್ಲಿ ಉಸಿರುಗಟ್ಟಿ ಸತ್ತವು.

ಆದ್ದರಿಂದ ತೊಟ್ಟಿ ತಂದ ದಿನವೇ ಮೀನು ತರಬೇಡಿ. ಕ್ಲೋರಿನ್ ತೆಗೆದ ನೀರು ತುಂಬಿ, ಫಿಲ್ಟರ್ ನಡೆಯಲು ಬಿಟ್ಟು, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಒಂದು ತಿಂಗಳು ಕಾಯಿರಿ. ಮಕ್ಕಳನ್ನು ಕಾಯಿಸುವುದು ಕಷ್ಟ, ಒಪ್ಪುತ್ತೇನೆ. ಪರಿಚಯದವರ ಮನೆಯಲ್ಲಿ ಆರೋಗ್ಯವಾದ ಹಳೆಯ ತೊಟ್ಟಿ ಇದ್ದರೆ ಅವರ ಫಿಲ್ಟರಿನ ಸ್ಪಂಜಿನ ಒಂದು ತುಂಡು ತಂದು ನಿಮ್ಮ ಫಿಲ್ಟರಿನಲ್ಲಿ ಇಡಿ. ಮೊಸರಿಗೆ ಹೆಪ್ಪು ಹಾಕಿದಂತೆ ಕೆಲಸ ಬೇಗ ಆಗುತ್ತದೆ. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದನ್ನು ಹಿಂಡಿ. ಸಾಬೂನು ಹತ್ತಿರ ಸುಳಿಯಬಾರದು. ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗ ನೀರು ಬದಲಾಯಿಸಿದರೆ ಸಾಕು. ನಲ್ಲಿ ನೀರಾದರೆ ಹಿಂದಿನ ದಿನವೇ ಬಕೆಟ್‌ನಲ್ಲಿ ತೆರೆದಿಡಿ ಅಥವಾ ಕ್ಲೋರಿನ್ ನಿವಾರಕ ಹನಿ ಹಾಕಿ.

ಇನ್ನೊಂದು ಮಾತು. ಜಿರಳೆ, ಸೊಳ್ಳೆಗೆ ಹೊಡೆಯುವ ಸ್ಪ್ರೇಗಳಲ್ಲಿರುವ ಕೀಟನಾಶಕ ಮೀನಿಗೆ ಮಹಾ ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ ಎಂಬುದನ್ನು ಮರೆಯಬೇಡಿ.

ಯಾರ ಸ್ವಭಾವ ಹೇಗೆ?

ಈಗ ಕಚ್ಚುವವರ ವಿಷಯ. ನಮ್ಮ ಆ ಟೈಗರ್ ಬಾರ್ಬ್‌ಗಳನ್ನೇ ತೆಗೆದುಕೊಳ್ಳಿ. ಅವು ಗುಂಪಿನ ಮೀನುಗಳು. ಎಂಟು ಹತ್ತು ಇದ್ದರೆ ತಮ್ಮತಮ್ಮಲ್ಲೇ ಅಟ್ಟಾಡಿಸಿಕೊಂಡು ಇರುತ್ತವೆ. ಎರಡೇ ಎರಡನ್ನು ತಂದರೆ ಅವುಗಳ ಚೇಷ್ಟೆಯೆಲ್ಲ ನಿಧಾನ ಈಜುವ, ಉದ್ದ ರೆಕ್ಕೆಯ ನೆರೆಯವರ ಮೇಲೆ ತಿರುಗುತ್ತದೆ. ಏಂಜೆಲ್, ಗಪ್ಪಿ, ಫೈಟರ್ ಮೂವರೂ ಅಂಥವರೇ. "ಒಂದೊಂದು ಜಾತಿಯದ್ದು ಎರಡೆರಡು" ಎಂಬ ನಮ್ಮ ಲೆಕ್ಕವೇ ತಪ್ಪು. ಟೆಟ್ರಾ, ಬಾರ್ಬ್, ಡೇನಿಯೋ, ಕೋರಿಡೋರಸ್ ಇವನ್ನು ಆರಕ್ಕಿಂತ ಕಡಿಮೆ ತರಬಾರದು. ಜೊತೆಯವರಿಲ್ಲದಿದ್ದರೆ ಅವು ಬಣ್ಣ ಕಳೆದುಕೊಂಡು ಮೂಲೆ ಸೇರುತ್ತವೆ. ಜಾತಿ ಕಡಿಮೆ, ಪ್ರತಿ ಜಾತಿಯಲ್ಲಿ ಸಂಖ್ಯೆ ಹೆಚ್ಚು. ನೋಡಲೂ ಅದೇ ಚೆಂದ.

ಫೈಟರ್ ಥಾಯ್ಲೆಂಡಿನ ಮೀನು. 2019ರಲ್ಲಿ ಆ ದೇಶ ಅದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಎರಡು ಗಂಡುಗಳನ್ನು ಒಂದೇ ಕಡೆ ಬಿಟ್ಟರೆ ಹರಿದುಕೊಳ್ಳುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಗಪ್ಪಿಯ ಗಂಡು ಸಹ ಬಣ್ಣದ ಬೀಸಣಿಗೆಯಂಥ ಬಾಲದಿಂದಾಗಿ ಅದರ ಕಣ್ಣಿಗೆ ಮತ್ತೊಬ್ಬ ಫೈಟರ್‌ನಂತೆ ಕಾಣಬಹುದು. ಅದು ಮೇಲೆ ಬಂದು ನೇರವಾಗಿ ಗಾಳಿ ಸೇವಿಸಬಲ್ಲದು. ಆ ಕಾರಣಕ್ಕೇ ಅದನ್ನು ಚಹಾ ಲೋಟದಷ್ಟು ನೀರಿನಲ್ಲಿ ಇಟ್ಟು ಮಾರುತ್ತಾರೆ. ಬದುಕಿರುತ್ತದೆ ನಿಜ, ಬಾಳುವುದಿಲ್ಲ. ಅದಕ್ಕೂ ಇಪ್ಪತ್ತು ಲೀಟರಿನಷ್ಟು ಜಾಗ ಕೊಡಿ. ಒಂಟಿಯಾಗಿ ಇದ್ದರೆ ಅದಕ್ಕೆ ಬೇಸರವಿಲ್ಲ.

ಏಂಜೆಲ್ ನೋಡಲು ಗಂಭೀರ. ಅಂಗಡಿಯಲ್ಲಿ ಎಂಟಾಣೆಯಷ್ಟಿರುವುದು ಮುಂದೆ ಅಂಗೈ ತುಂಬುವಷ್ಟಾಗುತ್ತದೆ. ಆಗ ಬೆರಳಿನಗಲದ ನಿಯಾನ್ ಟೆಟ್ರಾಗಳು ಒಂದೊಂದಾಗಿ ಕಾಣೆಯಾಗುತ್ತವೆ. ಇದು ದುಷ್ಟತನವಲ್ಲ. ಬಾಯಿಗೆ ಹಿಡಿಸುವ ಮೀನು ಮೀನಿಗೆ ಆಹಾರ. ಶಾಂತ ಸ್ವಭಾವದ ಗೋಲ್ಡ್ ಫಿಶ್ ಕೂಡ ಗಪ್ಪಿ ಮರಿಗಳನ್ನು ಬಿಡುವುದಿಲ್ಲ. ಆಸ್ಕರ್, ಫ್ಲವರ್ ಹಾರ್ನ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆಸ್ಕರ್ ಒಂದಡಿ ಬೆಳೆಯುತ್ತದೆ, ಸಣ್ಣ ಮೀನಿನ ಜೊತೆ ಯಾವ ಕಾರಣಕ್ಕೂ ಬೇಡ. ಫ್ಲವರ್ ಹಾರ್ನ್ ಅದೃಷ್ಟ ತರುತ್ತದೆಂದು ಸಾವಿರಾರು ರೂಪಾಯಿ ಕೊಡುವವರಿದ್ದಾರೆ. ಮಾರಿದವರಿಗೆ ತಂದಿರಬಹುದು.

ಗಪ್ಪಿ ನಮ್ಮಲ್ಲಿ ಅನೇಕರಿಗೆ ಬಾಲ್ಯದ ಪರಿಚಯ. ದಕ್ಷಿಣ ಅಮೆರಿಕದ ಈ ಮೀನು ಸೊಳ್ಳೆಯ ಮರಿಗಳನ್ನು ತಿನ್ನುತ್ತದೆಂದು ಕರ್ನಾಟಕದ ಹಳ್ಳಿಗಳ ಬಾವಿ, ತೊಟ್ಟಿಗಳಲ್ಲಿ ಮಲೇರಿಯಾ ತಡೆಗಾಗಿ ಬಿಡುತ್ತಾ ಬಂದಿದ್ದಾರೆ. ಗಟ್ಟಿ ಜೀವ. ಆದರೆ ಗಂಡುಗಳು ಹೆಣ್ಣುಗಳಿಗೆ ನಿಲ್ಲಲು ಬಿಡದೆ ಬೆನ್ನಟ್ಟುತ್ತವೆ. ಆದ್ದರಿಂದ ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಬೇಕು. ನಾಲ್ಕು ವಾರಕ್ಕೊಮ್ಮೆ ಮರಿ. ಒಮ್ಮೆ ಗಂಡಿನ ಜೊತೆ ಕೂಡಿದ ಹೆಣ್ಣು, ಗಂಡಿಲ್ಲದೆಯೂ ತಿಂಗಳುಗಟ್ಟಲೆ ಮರಿ ಹಾಕುತ್ತಲೇ ಇರುತ್ತದೆ. ತಾಯಿ ತನ್ನ ಮರಿಗಳನ್ನೇ ತಿನ್ನುವುದನ್ನು ಕಂಡು ನನ್ನ ಮಗ ಎರಡು ದಿನ ತೊಟ್ಟಿಯ ಹತ್ತಿರ ಹೋಗಲಿಲ್ಲ. ಮರಿಗಳಿಗೆ ಅಡಗಲು ದಟ್ಟ ಗಿಡ ಹಾಕಿ. ಮರಿಗಳೇ ಬೇಡವೆಂದರೆ ಗಂಡುಗಳನ್ನು ಮಾತ್ರ ಸಾಕಿ. ಬಣ್ಣ ಇರುವುದೂ ಅವುಗಳಿಗೇ.

ಎರಡು ಅಡಿಯಲ್ಲಿ ಎಷ್ಟು?

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಅಂಚಿನವರೆಗೆ ತುಂಬಿದರೆ 56 ಲೀಟರ್ ಹಿಡಿಯುತ್ತದೆ. ಕಲ್ಲು ಹಾಕಿ, ಮೇಲೆ ಸ್ವಲ್ಪ ಬಿಟ್ಟರೆ 45-50 ಲೀಟರ್. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟೇ. ಇಷ್ಟರಲ್ಲಿ ಸಣ್ಣ ಮೀನು ಹನ್ನೆರಡು ಹದಿನಾಲ್ಕಕ್ಕಿಂತ ಹೆಚ್ಚು ಬೇಡ. ಏಂಜೆಲ್ ಬೇಡ, ಗೋಲ್ಡ್ ಫಿಶ್ ಖಂಡಿತ ಬೇಡ. ಗೋಲ್ಡ್ ಫಿಶ್ ಅರ್ಧ ಅಡಿಗಿಂತ ಹೆಚ್ಚು ಬೆಳೆಯುವ, ಹತ್ತು ವರ್ಷಕ್ಕೂ ಹೆಚ್ಚು ಬಾಳಬಲ್ಲ ಮೀನು. ಹೊಟ್ಟೆಯ ಚೀಲವೇ ಇಲ್ಲದ ಅದು ಸದಾ ತಿನ್ನುತ್ತಾ, ಸದಾ ನೀರು ಕೆಡಿಸುತ್ತಾ ಇರುತ್ತದೆ. ಅದನ್ನು ದುಂಡು ಗಾಜಿನ ಬೋಗುಣಿಯಲ್ಲಿ ಇಟ್ಟ ಚಿತ್ರಗಳನ್ನು ನೋಡಿದಾಗ ಈಗ ನನಗೆ ಸಿಟ್ಟು ಬರುತ್ತದೆ.

ಮೀನುಗಳು ಒಂದೇ ಎತ್ತರದಲ್ಲಿ ಈಜುವುದಿಲ್ಲ. ಮೇಲೆ ಓಡಾಡುವವು, ನಡುವೆ ಇರುವವು, ತಳದಲ್ಲಿ ಹೆಕ್ಕುವವು ಎಂದು ಮೂರು ಅಂತಸ್ತು. ಪ್ರತಿ ಅಂತಸ್ತಿಗೆ ಬೇರೆ ಬೇರೆ ಜಾತಿ ಆರಿಸಿದರೆ ತೊಟ್ಟಿ ತುಂಬಿ ಕಾಣುತ್ತದೆ, ತಳ್ಳಾಟವೂ ಇಲ್ಲ. ಗಡಸು ನೀರಿನವರು ಒಂದು ಗಂಡು ಮೂರು ಹೆಣ್ಣು ಗಪ್ಪಿಗಳನ್ನು, ಜೊತೆಗೆ ಆರು ಜೀಬ್ರಾ ಡೇನಿಯೋಗಳನ್ನು ಇಡಬಹುದು. ಡೇನಿಯೋ ಭಾರತದ್ದೇ ಮೀನು, ಬಂಗಾಳ ಮತ್ತು ಈಶಾನ್ಯದ ಹೊಳೆಗಳಲ್ಲಿ ಇದೆ. ಚುರುಕು, ಅಗ್ಗ, ನೀರಿನ ಬಗ್ಗೆ ತಕರಾರಿಲ್ಲ. ಮೆದು ನೀರಿನವರು ಶ್ರೀಲಂಕಾದ ಚೆರ್ರಿ ಬಾರ್ಬ್ ಆರು, ಗಂಡು ಹೆಣ್ಣು ಒಂದು ಜೊತೆ ಹನಿ ಗೌರಾಮಿ, ತಳಕ್ಕೆ ನುಣುಪು ಮರಳು ಹಾಸಿ ಕೋರಿಡೋರಸ್ ಐದಾರು ಇಟ್ಟುಕೊಳ್ಳಲಿ. ಚೆರ್ರಿ ಬಾರ್ಬ್ ಹೆಸರಿಗೆ ಬಾರ್ಬ್, ಕಚ್ಚುವುದಿಲ್ಲ. ನಮ್ಮ ಮನೆಯಲ್ಲಿ ಈಗ ಇರುವುದು ಇದೇ ಕುಟುಂಬ. ತಳದ ಮೀನು ಎಂಜಲು ತಿಂದು ಬದುಕುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವುಗಳಿಗೆಂದೇ ಮುಳುಗುವ ಗುಳಿಗೆ ಸಿಗುತ್ತದೆ. ದೀಪ ಆರಿಸಿದ ಮೇಲೆ ಒಂದೆರಡು ಹಾಕಿ. ಇಲ್ಲದಿದ್ದರೆ ಮೇಲಿನವರೇ ಎಲ್ಲವನ್ನೂ ಮುಗಿಸುತ್ತಾರೆ.

ಎಲ್ಲವನ್ನೂ ಒಂದೇ ದಿನ ತರಬೇಡಿ. ಮೊದಲು ಒಂದು ಜಾತಿ, ಎರಡು ಮೂರು ವಾರ ಬಿಟ್ಟು ಇನ್ನೊಂದು. ಸಾಧ್ಯವಾದರೆ ಹೊಸಬರನ್ನು ಅಷ್ಟು ದಿನ ಬೇರೆ ತೊಟ್ಟಿಯಲ್ಲಿ ಇಟ್ಟು ನೋಡಿ. ಮೈಮೇಲೆ ರವೆ ಉದುರಿದಂತೆ ಬಿಳಿ ಚುಕ್ಕೆ ಕಂಡರೆ ಅದು ಎಲ್ಲರಿಗೂ ಅಂಟುವ ರೋಗ. ಆಹಾರ ದಿನಕ್ಕೆ ಒಂದೆರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಈದ್ ರಜೆಗೆ ನಾಲ್ಕೈದು ದಿನ ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಡಬ್ಬಿ ಕೊಟ್ಟು ಹೋಗಬೇಡಿ. ಆರೋಗ್ಯವಾದ ದೊಡ್ಡ ಮೀನುಗಳು ಅಷ್ಟು ದಿನ ಉಪವಾಸ ಇರಬಲ್ಲವು. ಪ್ರೀತಿಯಿಂದ ಹಿಡಿಗಟ್ಟಲೆ ಸುರಿದರೆ ನೀವು ಬರುವಷ್ಟರಲ್ಲಿ ನೀರು ಕೊಳೆತಿರುತ್ತದೆ.

ಕೊಳ್ಳಬಾರದ ಕೆಲವು

ಗುಲಾಬಿ, ಹಸಿರು, ನೇರಳೆ ಬಣ್ಣದ ಪಾರದರ್ಶಕ ಗಾಜುಮೀನು ಕಂಡರೆ ಮಕ್ಕಳು ಹಟ ಹಿಡಿಯುತ್ತಾರೆ. ಆ ಬಣ್ಣ ಅದರದ್ದಲ್ಲ. ಸೂಜಿಯಿಂದ ಚುಚ್ಚಿ ಹಾಕಿದ ಬಣ್ಣ. ಬಹಳಷ್ಟು ಮೀನು ಆ ಹಿಂಸೆಯಲ್ಲೇ ಸಾಯುತ್ತವೆ, ಉಳಿದವುಗಳ ಬಣ್ಣ ಕೆಲ ತಿಂಗಳಲ್ಲಿ ಮಾಸುತ್ತದೆ. ಕೆಂಪು ಗೆರೆಯ "ಮಿಸ್ ಕೇರಳ" ನಮ್ಮದೇ ಪಶ್ಚಿಮ ಘಟ್ಟದ ತೊರೆಗಳ ಚೆಲುವೆ. ಅಲಂಕಾರಕ್ಕಾಗಿ ಹಿಡಿದು ಹಿಡಿದು ಅಪಾಯದ ಅಂಚಿಗೆ ಬಂದಿದೆ. ಅದನ್ನು ಅಲ್ಲೇ ಬಿಡೋಣ.

"ಗಾಜು ತಾನಾಗಿ ಸ್ವಚ್ಛವಾಗುತ್ತದೆ" ಎಂದು ಸಕ್ಕರ್ ಮೀನು ಕೊಡುತ್ತಾರೆ. ಬೆರಳುದ್ದ ಇರುವಾಗ ಪಾಚಿ ತಿನ್ನುವುದು ನಿಜ. ಆದರೆ ಒಂದೂವರೆ ಅಡಿವರೆಗೂ ಬೆಳೆಯುವ ಅದು ದೊಡ್ಡದಾದಂತೆ ರಾತ್ರಿ ಹೊತ್ತು ಗೋಲ್ಡ್ ಫಿಶ್, ಏಂಜೆಲ್‌ಗಳ ಮೈಗೆ ಅಂಟಿಕೊಂಡು ಲೋಳೆ ಹೆರೆಯಬಹುದು. ಆಗ ಜನರು ಏನು ಮಾಡುತ್ತಾರೆ? ಕೊಲ್ಲಲು ಮನಸ್ಸು ಬಾರದೆ ಕೆರೆಗೋ ಹೊಳೆಗೋ ಬಿಟ್ಟು ಬರುತ್ತಾರೆ. ದಕ್ಷಿಣ ಅಮೆರಿಕದ ಈ ಮೀನು ಹೀಗೆಯೇ ದಕ್ಷಿಣ ಭಾರತದ ಎಷ್ಟೋ ಕೆರೆಗಳಲ್ಲಿ ತುಂಬಿಕೊಂಡಿದೆ. ಮುಳ್ಳಿನಂಥ ಚಿಪ್ಪಿನಿಂದ ಮೀನುಗಾರರ ಬಲೆ ಹರಿಯುತ್ತದೆ, ತಿನ್ನಲು ಯಾರೂ ಕೊಳ್ಳುವುದಿಲ್ಲ. ನಮ್ಮ ಊರಿನ ಮೀನುಗಳಿಗೆ ಜಾಗವಿಲ್ಲದಂತಾಗುತ್ತದೆ. ಸಾಕಿದ ಯಾವ ಮೀನನ್ನೂ ಹೊರಗಿನ ನೀರಿಗೆ ಬಿಡಬೇಡಿ. ಸಾಕಲಾಗದಿದ್ದರೆ ಅಂಗಡಿಗೆ ಹಿಂತಿರುಗಿಸಿ, ಇಲ್ಲವೇ ದೊಡ್ಡ ತೊಟ್ಟಿ ಇರುವವರಿಗೆ ಕೊಡಿ.

ನಮ್ಮ ಆ ಒಂಟಿ ಟೈಗರ್ ಬಾರ್ಬ್ ಮೂರು ತಿಂಗಳು ತೊಟ್ಟಿಯಲ್ಲಿ ಒಂದೇ ಇತ್ತು. ಗಾಜಿನಲ್ಲಿ ಕಾಣುವ ತನ್ನ ನೆರಳಿನೊಂದಿಗೇ ಜಗಳವಾಡುತ್ತಿತ್ತು. ಬೇರೊಂದು ಅಂಗಡಿಯಲ್ಲಿ ಅದರ ಜಾತಿಯ ಇಪ್ಪತ್ತು ಮೂವತ್ತು ಮೀನುಗಳ ದೊಡ್ಡ ತೊಟ್ಟಿ ಇತ್ತು. ಮಗಳು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಅಂಗಡಿಯವರು ಚೀಲವನ್ನು ಕಾಲು ಗಂಟೆ ನೀರಿನ ಮೇಲೆ ತೇಲಿಸಿ, ಆಮೇಲೆ ಬಾಯಿ ಬಿಚ್ಚಿದರು. ಒಂದು ಸುತ್ತು ಹಾಕಿ ಅದು ಗುಂಪಿನೊಳಗೆ ಸೇರಿಕೊಂಡಿತು. ಯಾವುದು ನಮ್ಮದೆಂದು ಮತ್ತೆ ಗುರುತು ಹಿಡಿಯಲು ಅವಳಿಗೆ ಆಗಲಿಲ್ಲ. ಮೀನಿಗೆ ಅವರು ಹಣ ಕೊಡಲಿಲ್ಲ. ಒಂದು ಪೊಟ್ಟಣ ಆಹಾರ ಕೊಟ್ಟರು.